ಸಾರಾಂಶ ಕೇಳದ ಓದು

ಹೈಸ್ಕೂಲು ಮಕ್ಕಳು ಪಠ್ಯದಾಚೆಗೆ ಏನನ್ನೂ ಓದುವುದಿಲ್ಲ ಎಂಬ ದೂರು ಕೇಳಿದಾಗಲೆಲ್ಲ ನನಗೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ನೆನಪಾಗುತ್ತದೆ. ಮಳೆಗೆ ಬರವಿರಬಹುದು, ಅಕ್ಷರಕ್ಕೆ ಇಲ್ಲಿ ಬರವಿರಲಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೇ ಇದೆ. ಚಳ್ಳಕೆರೆ ತಾಲ್ಲೂಕಿನ ತಳುಕು ಟಿ.ಎಸ್. ವೆಂಕಣ್ಣಯ್ಯ ಮತ್ತು ತ.ರಾ.ಸು. ಅವರ ಮನೆತನದ ಊರು. ಬೆಳಗೆರೆ ಕೃಷ್ಣಶಾಸ್ತ್ರಿಗಳ ಊರೂ ಅದೇ ತಾಲ್ಲೂಕಿನದು.

ಈ ಭಾಗದ ಹುಡುಗರಿಗೆ ಓದಿನ ರುಚಿ ಹತ್ತಿಸಲು ಹೊರಟವರು ಊರಿನ ಹೆಮ್ಮೆಯಿಂದ ಮೊದಲು ತೆಗೆದುಕೊಡುವುದು ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು. ಮದಕರಿ ನಾಯಕನ ಕೊನೆಯ ದಿನಗಳ ಆ ಕಾದಂಬರಿಗೆ 1985ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನ್ನ ತಕರಾರು ಕಾದಂಬರಿಯ ಮೇಲಲ್ಲ, ನಮ್ಮ ಆತುರದ ಮೇಲೆ. ಅದರ ಗಾತ್ರ ದೊಡ್ಡದು, ಮಾತು ಗಂಭೀರ. ಮೊಳಕಾಲ್ಮೂರಿನ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅಂಥ ಹುಡುಗಿಯೊಬ್ಬಳು ಮೂವತ್ತನೇ ಪುಟಕ್ಕೇ ನಿಂತುಬಿಟ್ಟರೆ, ಪುಸ್ತಕವೆಂದರೆ ಇನ್ನೊಂದು ಪಾಠವೆಂದೇ ತಿಳಿಯುತ್ತಾಳೆ.

ನಾನಾದರೆ ಮೊದಲು ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಕೊಡುತ್ತೇನೆ. ಮುಕುಂದೂರು ಸ್ವಾಮಿಗಳ ಒಡನಾಟದ ನೆನಪುಗಳ ಚಿಕ್ಕ ಪುಸ್ತಕವದು. ಒಂದೊಂದು ಪ್ರಸಂಗವೂ ಒಂದೇ ಗುಕ್ಕಿಗೆ ಮುಗಿಯುತ್ತದೆ. ಸ್ವಾಮಿಗಳ ಮಾತು ಸಂತೆಯಲ್ಲಿ, ಹೊಲದಲ್ಲಿ ಕೇಳಿದ ಮಾತೇ. ಪರೀಕ್ಷೆಯಲ್ಲಿ ಬರೆದರೆ ತಪ್ಪಾಗುವ ‘ಐತೆ’ ಇಲ್ಲಿ ಪುಸ್ತಕದ ಹೆಸರಿನಲ್ಲೇ ಕೂತಿದೆ. ‘ಯೇಗ’ ಎಂದರೆ ಯೋಗ ಸರಿ. ಆದರೆ ಯಾವ ಯೋಗ? ಆಸನವೋ, ಅದೃಷ್ಟವೋ? ಗೈಡಿನಲ್ಲಿ ಸಿಗದ ಪ್ರಶ್ನೆ ಮುಖಪುಟದಲ್ಲೇ ಏಳುತ್ತದೆ.

ಪುಸ್ತಕಕ್ಕೆ ಮಿತಿಯೂ ಇದೆ. ಕೆಲವೆಡೆ ಬರೆದವರ ಭಕ್ತಿ ಓದುವವರನ್ನೂ ಕೈಮುಗಿಯಲು ಹೇಳುವಂತಿದೆ. ಹುಡುಗನೊಬ್ಬ ‘ಇದನ್ನ ನಾನು ನಂಬಲ್ಲ ಸಾರ್’ ಎಂದರೆ ಗದರಬಾರದು. ಅವನು ಸ್ವಂತ ಓದು ಶುರುಮಾಡಿದ್ದಾನೆ.

ಆದ್ದರಿಂದ ಪುಸ್ತಕ ಕೊಟ್ಟ ಮೇಲೆ ಸಾರಾಂಶ ಬರೆಸಬೇಡಿ, ಅಂಕ ಕೊಡಬೇಡಿ. ಹಿಡಿಸದಿದ್ದರೆ ಅರ್ಧಕ್ಕೇ ಬಿಟ್ಟು ಬೇರೆಯದನ್ನು ಆರಿಸಿಕೊಳ್ಳಲಿ. ಬೀರುವಿಗೆ ಬೀಗ ಹಾಕದಿದ್ದರೆ ಸಾಕು. ಹಾಗೆ ಆರಿಸುತ್ತ ಒಂದು ದಿನ ತಾನಾಗಿಯೇ ‘ದುರ್ಗಾಸ್ತಮಾನ’ಕ್ಕೆ ಕೈಹಾಕಿದವರಿಗೆ ಅದರ ಗಾತ್ರ ಭಾರವೆನಿಸಲಾರದು.