ಯಾರ ವೇಷ, ಯಾರಿಗೆ ಬಹುಮಾನ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಶಾಲೆಗಳಲ್ಲಿ ವರ್ಷವರ್ಷ ಪ್ರತಿಭಾ ಕಾರಂಜಿ ನಡೆಯುತ್ತದೆ. ಹಾಡು, ಭಾಷಣ, ಕಂಠಪಾಠದ ಜೊತೆ ಛದ್ಮವೇಷವೂ ಉಂಟು. ವೇಷ ಕಟ್ಟುವ ಮಕ್ಕಳ ಮೇಲೆ ನಮ್ಮ ತಕರಾರಿಲ್ಲ. ಕಟ್ಟಿಸುವವರ ಮೇಲೆ, ನೋಡಿ ನಗುವವರ ಮೇಲೆ, ಅಂಕ ಹಾಕುವವರ ಮೇಲೆ ಇದೆ.

ವೇದಿಕೆಗೆ ಬರುವವರು ಯಾರ್‍ಯಾರು ನೋಡಿ. ದೇವರುಗಳು ಬರುತ್ತಾರೆ, ರಾಜರು ಬರುತ್ತಾರೆ. ಅವರ ಬೆನ್ನಿಗೇ ಕೊರವಂಜಿ, ಹಾವಾಡಿಗ, ಬುಡುಬುಡಿಕೆಯವನು, ಭಿಕ್ಷುಕ, ಬೀದಿ ಗುಡಿಸುವವಳು. ಮೊದಲಿನವರಿಗೆ ಕೈ ಮುಗಿಯುತ್ತಾರೆ, ಆಮೇಲಿನವರನ್ನು ಕಂಡು ನಗುತ್ತಾರೆ. ಹಾಗೆ ನಗಿಸಿಕೊಳ್ಳುವವರು ನಮ್ಮ ಅಪ್ಪಂದಿರು, ಅವ್ವಂದಿರು.

ನಾವು ಪ್ರೈಮರಿಯಲ್ಲಿ ಓದುವಾಗಿನ ಮಾತು. ಮೇಷ್ಟ್ರು ಕರೆದು, 'ನಿಮ್ಮ ತಾತನ ತಮಟೆ ತಗೊಂಬಾರ್ಲಾ' ಅಂದರು. ಊರೊಳಗಿನ ಹುಡುಗನೊಬ್ಬನಿಗೆ ತಮಟೆಯವನ ವೇಷ. ಮುಖಕ್ಕೆ ಮಸಿ ಬಳಿದರು, ಹರಕು ಅಂಗಿ ತೊಡಿಸಿದರು, ಕುಡಿದವನ ಹಾಗೆ ತೂರಾಡೋದು ಹೇಳಿಕೊಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು. ಮೊದಲ ಬಹುಮಾನ ಅವನಿಗೇ. 'ನಾವೂ ವೇಷ ಕಟ್ತೀವಿ ಸಾ' ಅಂದದ್ದಕ್ಕೆ ಸಿಕ್ಕ ಉತ್ತರ: 'ನಿನಗ್ಯಾತರ ವೇಷಲಾ, ಇದ್ದಂಗೇ ಬಂದು ನಿಂತ್ಕೋ.' ಸಂಜೆ ತಮಟೆ ಮನೆಗೆ ಬಂತು, ಚರ್ಮ ಸಡಿಲಾಗಿತ್ತು. ತಾತ ಒಂದೂ ಮಾತಾಡಲಿಲ್ಲ. ಹುಲ್ಲುರಿ ಹಾಕಿ ಕಾಯಿಸಿಕೊಂಡು ಕೂತ.

ನಮ್ಮ ಬಣ್ಣ ಅವರಿಗೆ ಮಸಿ, ನಮ್ಮ ಬಡತನ ಅವರಿಗೆ ಹಾಸ್ಯ. ಇದು ನಮ್ಮ ಸೀಮೆಯ ಕತೆ ಮಾತ್ರವಲ್ಲ, ಧಣಿಗಳು ಇದ್ದ ಕಡೆಯಲ್ಲೆಲ್ಲ ನಡೆದದ್ದು. ಸಮುದ್ರದಾಚೆ ಕೆರಿಬಿಯನ್ನಿನಲ್ಲಿ ಟ್ರಿನಿಡಾಡ್ ಎಂಬ ದ್ವೀಪವಿದೆ. ಅಲ್ಲಿ ಕಾರ್ನಿವಲ್ ಅಂತ ವೇಷಗಳದೇ ಒಂದು ಜಾತ್ರೆ. ಗುಲಾಮಗಿರಿಯ ಕಾಲದಲ್ಲಿ ಅಲ್ಲಿನ ಫ್ರೆಂಚ್ ಧಣಿಗಳು ತಮ್ಮ ತೋಟದ ಗುಲಾಮರಂತೆ ವೇಷ ಹಾಕಿ ಕುಣಿಯುತ್ತಿದ್ದರು. ಯಾರ ಬೆನ್ನಿಗೆ ಚಾಟಿ ಬೀಸಿದರೋ ಅವರದೇ ವೇಷದಲ್ಲಿ ಮೋಜು! 1838ರಲ್ಲಿ ಗುಲಾಮರಿಗೆ ಪೂರ್ತಿ ಬಿಡುಗಡೆಯಾಯಿತು. ಕರಿಯ ಜನ ಬೀದಿಗಿಳಿದು ಆ ವೇಷವನ್ನು ಧಣಿಗಳಿಂದ ಕಿತ್ತುಕೊಂಡರು. ದಿಂಬು ಕಟ್ಟಿ, ಗೌನು ತೊಟ್ಟು, ಧಣಿಯ ಹೆಂಡತಿಯನ್ನೇ ಅಣಕಿಸಿದರು. ಮೈಗೆಲ್ಲ ಕಾಕಂಬಿ ಬಳಿದುಕೊಂಡು ಮಡಿಬಟ್ಟೆಯವರನ್ನು ಅಟ್ಟಾಡಿಸಿದರು. 1881ರಲ್ಲಿ ಅವರ ಪಂಜಿನ ಮೆರವಣಿಗೆಗೆ ಪೊಲೀಸರು ಅಡ್ಡ ಬಂದಾಗ ಪೋರ್ಟ್ ಆಫ್ ಸ್ಪೇನಿನ ಬೀದಿಗಳಲ್ಲಿ ಹೊಡೆದಾಟವೇ ಆಯಿತು. ಮುಂದೆ ಪಂಜಿಗೆ, ಡೋಲಿಗೆ ಕಾನೂನಿನ ಕಡಿವಾಣ ಬಿತ್ತು. ಅದರ ಹಿಂದೆಯೇ ಸ್ಪರ್ಧೆಗಳು, ಬಹುಮಾನಗಳು ಬಂದವು. ಇವತ್ತು ಅಲ್ಲಿ ರಾಜ-ರಾಣಿ ವೇಷಕ್ಕೆ ದೊಡ್ಡ ವೇದಿಕೆಯಿದೆ, ತೀರ್ಪುಗಾರರಿದ್ದಾರೆ. ಲಾಠಿಗೆ ಬಗ್ಗದ ಜನರನ್ನು ಬಹುಮಾನ ಬಗ್ಗಿಸಲು ನೋಡುತ್ತದೆ. ಆದರೂ ಆ ಜಾತ್ರೆ ಇಂದಿಗೂ ಬೀದಿಯನ್ನು ಬಿಟ್ಟುಕೊಟ್ಟಿಲ್ಲ.

ಇದರಿಂದ ನಾವು ಕಲಿಯೋದು ಇಷ್ಟೆ: ವೇಷಕ್ಕೊಂದು ದಿಕ್ಕಿದೆ. ಮೇಲಿನವನು ಕೆಳಗಿನವನ ವೇಷ ಹಾಕಿದರೆ ಅದು ಮನರಂಜನೆ. ಕೆಳಗಿನವನು ಮೇಲಿನವನಂತೆ ಉಟ್ಟರೆ ಅದು ಅಪರಾಧ. ಪಂಚೆ ಮಂಡಿಯಿಂದ ಕೆಳಗೆ ಇಳಿಯಿತೆಂದು, ಮೆಟ್ಟು ಹಾಕಿಕೊಂಡು ಊರೊಳಗೆ ನಡೆದರೆಂದು ನಮ್ಮ ಹಿರಿಯರು ಏಟು ತಿಂದಿಲ್ಲವೆ? 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಜಾತಿಯ ಗುರುತು ಹೇಳುವಂತೆ ಸೀರೆ ಉಡಬೇಡಿ ಎಂದರು. ಬಟ್ಟೆಯೂ ಹೋರಾಟ ಎಂಬುದು ಅವರಿಗೆ ತಿಳಿದಿತ್ತು. ಅವರ ಕೋಟು ವೇಷವಾಗಿರಲಿಲ್ಲ, ಅದು ಮನುಸ್ಮೃತಿಗೆ ಕೊಟ್ಟ ಉತ್ತರ.

ಇನ್ನು ಒನಕೆ ಓಬವ್ವನ ವೇಷ. ಚಿತ್ರದುರ್ಗ ಶಿರಾಕ್ಕೆ ದೂರವೇನಲ್ಲ, ಈ ಸೀಮೆಯ ಮಕ್ಕಳಿಗೆ ಅವಳು ಪಕ್ಕದೂರಿನ ಅವ್ವ. ಕಚ್ಚೆ ಕಟ್ಟಿ, ಒನಕೆ ಹಿಡಿದು, ಕೂದಲು ಕೆದರಿಕೊಂಡು ಪುಟ್ಟ ಹುಡುಗಿಯರು ಆರ್ಭಟಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಆ ಭಂಗಿಯಲ್ಲಿ ದುರ್ಗದ ಚರಿತ್ರೆಗಿಂತ 1972ರ 'ನಾಗರಹಾವು' ಸಿನಿಮಾದ ಪಾಲೇ ಹೆಚ್ಚು. ಇರಲಿ. ಆದರೆ ಓಬವ್ವ ಛಲವಾದಿ ಹೆಣ್ಣುಮಗಳು, ಕೋಟೆ ಕಾಯುತ್ತಿದ್ದ ಕಹಳೆ ಮುದ್ದಹನುಮನ ಹೆಂಡತಿ ಎಂದು ಯಾರಾದರೂ ಮಕ್ಕಳ ಬಾಯಲ್ಲಿ ಹೇಳಿಸುತ್ತಾರ? 2021ರಿಂದ ಸರ್ಕಾರ ನವೆಂಬರ್ 11ರಂದು ಅವಳ ಜಯಂತಿ ಮಾಡುತ್ತಿದೆ. ಭಿಕ್ಷುಕನ ವೇಷದಲ್ಲಿ ಜಾತಿಯನ್ನು ಎತ್ತಿ ತೋರಿಸುವವರು ವೀರಳ ವೇಷದಲ್ಲಿ ಅದನ್ನು ಮುಚ್ಚಿಡುತ್ತಾರೆ. ಈ ಜಾಣತನವನ್ನು ನಾವು ಬಿಡಿಸಿ ಹೇಳಬೇಕು.

ನಮ್ಮ ಬಯಲುಸೀಮೆಯಲ್ಲಿ ವೇಷವೇ ಬದುಕಾಗಿದ್ದವರು ಹಗಲುವೇಷದ ಬುಡ್ಗ ಜಂಗಮರು. ಹಾರ್ಮೋನಿಯಂ, ತಬಲ ಹೊತ್ತು ಬೀದಿಬೀದಿ ತಿರುಗಿ ರಾಮನಾದರು, ರಾವಣನಾದರು. ಹಗಲು ರಾಮನಿಗೆ ಕೈ ಮುಗಿದ ಊರು ಸಂಜೆ ಬಣ್ಣ ತೊಳೆದ ಮೇಲೆ ಅವರನ್ನು ಊರಾಚೆಯ ಗುಡಾರಕ್ಕೇ ಕಳಿಸಿತು. ಬೇಡ ಜಂಗಮ, ಬುಡ್ಗ ಜಂಗಮ ಎರಡೂ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿವೆ. ಆ ಹೆಸರು ಹಿಡಿದುಕೊಂಡು ವೀರಶೈವ ಜಂಗಮರಲ್ಲಿ ಕೆಲವರು ಪ್ರಮಾಣಪತ್ರ ಕೇಳಲು ಬಂದದ್ದು ನಾಡಿಗೇ ಗೊತ್ತು. ಛದ್ಮವೇಷ ಅಂದರೆ ಇದಲ್ಲವೆ?

ಹಳ್ಳಿಯ ಮೇಷ್ಟ್ರುಗಳೆ, ನಿಮ್ಮಲ್ಲಿ ಬಹಳ ಜನ ನಮ್ಮ ಕೇರಿಗಳಿಂದಲೇ ಬಂದವರು. ಮಕ್ಕಳ ಸಂತೋಷ ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಯಾರ ಕಸುಬನ್ನೂ ಯಾರ ಬಡತನವನ್ನೂ ನಗೆಗೆ ಒಡ್ಡಬೇಡಿ. ಓಬವ್ವನ ಹುಡುಗಿಗೆ ಓಬವ್ವನ ಕೇರಿಯ ಹೆಸರನ್ನೂ ಕಲಿಸಿ. ಕೇರಿಯ ಮಗುವಿಗೆ ಬಡ್ಡಿ ಸಾಹುಕಾರನ ವೇಷ ಕಟ್ಟಿ. ಗುಡಿ ಬಾಗಿಲಲ್ಲಿ ಕೈ ಅಡ್ಡ ಹಿಡಿಯುವ ಯಜಮಾನನ ವೇಷ ಕಟ್ಟಿ. ಆಗಲೂ ಸಭೆ ನಗುತ್ತದೋ, ತೀರ್ಪುಗಾರರು ಎಷ್ಟು ಅಂಕ ಹಾಕುತ್ತಾರೋ ನೋಡಿಯೇ ಬಿಡೋಣ.

ತಮಟೆ ಕೇಳಿಕೊಂಡು ಮತ್ತೆ ನಮ್ಮ ಕೇರಿಗೆ ಬಂದರೆ ಇಲ್ಲ ಅನ್ನೋದಿಲ್ಲ. ಆದರೆ ಬಡಿಯೋರು ನಾವೇ.