ವಿಜ್ಞಾನ ಕಥೆಯಲ್ಲಿ ನಿಜದ ಊರು: ಮೂಡಿಗೆರೆ, ಕಾಶಿ ಮತ್ತು ಭೀಮಾತೀರ

ವಿಜ್ಞಾನ ಕಥೆಯಲ್ಲಿ ನಿಜವಾದ ಊರೊಂದು ತನ್ನದೇ ಹೆಸರಿನಲ್ಲಿ ಬರುವುದು ಅಪರೂಪವೇನಲ್ಲ. ಆ ಊರಿಗೆ ಕಥೆಯಲ್ಲಿ ಕೆಲಸವಿರುವುದು ಮಾತ್ರ ಅಪರೂಪ. ಕಲ್ಪಿತ ಗ್ರಹವನ್ನೋ ಕಲ್ಪಿತ ನಗರವನ್ನೋ ಕಟ್ಟುವ ಲೇಖಕನನ್ನು ತಡೆದು ಕೇಳುವವರಿಲ್ಲ. ಬೆಂಗಳೂರು, ಕಾಶಿ, ಮೂಡಿಗೆರೆ ಎಂದು ಹೆಸರು ಹಿಡಿದು ಬರೆದರೆ ಅಲ್ಲಿ ಹುಟ್ಟಿ ಬೆಳೆದವರೆಲ್ಲ ಸಾಕ್ಷಿಗಳಾಗಿ ನಿಲ್ಲುತ್ತಾರೆ. ಯಾವ ರಸ್ತೆ ಎಲ್ಲಿ ತಿರುಗುತ್ತದೆ, ಯಾವ ತಿಂಗಳಲ್ಲಿ ಹೊಳೆ ಬತ್ತುತ್ತದೆ ಎಂಬುದು ಅವರಿಗೆ ಗೊತ್ತು. ಇಂಥ ಕೃತಿಗಳಿಗೆ ಬೆಲೆ ಕಟ್ಟಲು ಒಂದು ಸರಳ ಒರೆಗಲ್ಲು ಸಾಕು. ಊರಿನ ಹೆಸರು ತೆಗೆದು ಬೇರೊಂದನ್ನು ಹಾಕಿದರೆ ಕಥೆ ನಿಲ್ಲುತ್ತದೆಯೋ ಬೀಳುತ್ತದೆಯೋ ನೋಡಬೇಕು. ನಿಂತರೆ ಆ ಊರು ಬರೀ ಪರದೆ. ಬಿದ್ದರೆ ಅದು ಕಥೆಗೆ ಕಾರಣವಾಗಿದೆ ಎಂದರ್ಥ.

ದೂರದರ್ಶನದ ಸರಣಿಗಳಲ್ಲಿ ಊರಿನ ಪ್ರಶ್ನೆಯನ್ನು ಬಹಳ ಸಲ ಚಿತ್ರೀಕರಣದ ಖರ್ಚು ತೀರ್ಮಾನಿಸುತ್ತದೆ. ಕೆನಡಾದ ವ್ಯಾಂಕೂವರ್ ದಶಕಗಳಿಂದ ಅಮೆರಿಕದ ಯಾವ ಯಾವುದೋ ನಗರಗಳ ವೇಷ ಹಾಕುತ್ತ ಬಂದಿದೆ. 2012ರಿಂದ 2015ರವರೆಗೆ ಪ್ರಸಾರವಾದ ‘ಕಂಟಿನ್ಯೂಮ್’ ಸರಣಿಯಲ್ಲಿ ಅದು ವ್ಯಾಂಕೂವರ್ ಆಗಿಯೇ ಕಾಣಿಸಿಕೊಂಡಿತು. 2077ರ ವ್ಯಾಂಕೂವರ್‌ನಿಂದ ಇಂದಿನ ವ್ಯಾಂಕೂವರ್‌ಗೆ ಬಂದು ಬೀಳುವ ಪೊಲೀಸ್ ಅಧಿಕಾರಿಯ ಕಥೆ ಅದು. ಬ್ರಿಟನ್ನಿನ ಕಾರ್ಡಿಫ್‌ನದೂ ಇಂಥದೇ ಕಥೆ. 2005ರಲ್ಲಿ ಮತ್ತೆ ಶುರುವಾದ ‘ಡಾಕ್ಟರ್ ಹೂ’ ತಯಾರಾಗುತ್ತಿದ್ದುದು ವೇಲ್ಸ್‌ನ ಈ ನಗರದಲ್ಲಿ, ತೆರೆಯ ಮೇಲೆ ಅದು ಹೆಚ್ಚಾಗಿ ಲಂಡನ್ ಆಗುತ್ತಿತ್ತು. ಮರುವರ್ಷ ಬಂದ ‘ಟಾರ್ಚ್‌ವುಡ್’ ಕಾರ್ಡಿಫ್‌ಗೆ ಅದರ ಹೆಸರನ್ನು ಮರಳಿ ಕೊಟ್ಟಿತು. ಕಾಲ ದೇಶಗಳಲ್ಲಿ ಬಿಟ್ಟ ಬಿರುಕೊಂದು ಈ ನಗರದ ಮೂಲಕ ಹಾದುಹೋಗುತ್ತದೆ, ಕೊಲ್ಲಿಯ ದಂಡೆಯ ನೀರಿನ ಕಂಬದ ಕೆಳಗೆ ನಾಯಕರ ನೆಲೆ ಇದೆ ಎಂಬುದು ಸರಣಿಯ ಕಲ್ಪನೆ. 2009ರಲ್ಲಿ ಕಥೆಯೊಳಗೆ ಇಯಾಂಟೊ ಜೋನ್ಸ್ ಎಂಬ ಪಾತ್ರ ಸತ್ತಾಗ ಅಭಿಮಾನಿಗಳು ಆ ದಂಡೆಯ ಗೋಡೆಗೆ ಚೀಟಿ, ಹೂವುಗಳನ್ನು ಅಂಟಿಸಿ ಸ್ಮಾರಕವನ್ನೇ ಮಾಡಿಬಿಟ್ಟರು. ಜನರ ಪ್ರೀತಿಗೆ ಇದಕ್ಕಿಂತ ಸಾಕ್ಷಿ ಬೇಡ. ಆದರೂ ಬಿರುಕು ಕಾರ್ಡಿಫ್‌ನಲ್ಲೇ ಏಕೆ ಬಿಟ್ಟಿತು ಎಂಬುದಕ್ಕೆ ಆ ಊರಿನ ನೆಲ, ಕಲ್ಲಿದ್ದಲು, ಬಂದರು ಯಾವುದೂ ಉತ್ತರ ಹೇಳುವುದಿಲ್ಲ. ಅದೇ ಬಿರುಕನ್ನು ಲಿವರ್‌ಪೂಲ್‌ಗೆ ಸಾಗಿಸಿದರೆ ಕಥೆಗೆ ಹೆಚ್ಚೇನೂ ಆಗದು.

ಭಾರತದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಆಯ್ಕೆ ಸತ್ಯಜಿತ್ ರಾಯ್ ಅವರದು. 1961ರಲ್ಲಿ ‘ಸಂದೇಶ್’ ಪತ್ರಿಕೆಯಲ್ಲಿ ಶುರುವಾದ ಪ್ರೊಫೆಸರ್ ಶಂಕು ಕಥೆಗಳ ನಾಯಕನ ಮನೆ ಇರುವುದು ಇಂದಿನ ಜಾರ್ಖಂಡ್‌ನ ಗಿರಿಡಿಯಲ್ಲಿ, ಉಸ್ರಿ ನದಿಯ ಹತ್ತಿರ. ಶಂಕು ಲೋಕವೆಲ್ಲ ಸುತ್ತುತ್ತಾನೆ, ಪ್ರಯೋಗಶಾಲೆ ಮಾತ್ರ ಆ ಸಣ್ಣ ಊರಿನಲ್ಲಿ. ಬೆಕ್ಕು ನ್ಯೂಟನ್, ಆಳು ಪ್ರಹ್ಲಾದ, ಗೇಲಿ ಮಾಡುವ ನೆರೆಮನೆಯ ಅಬಿನಾಶ್ ಬಾಬು ಎಲ್ಲರೂ ಅಲ್ಲೇ. ವಿಜ್ಞಾನಿ ಜಗದೀಶಚಂದ್ರ ಬೋಸ್ ತೀರಿಕೊಂಡದ್ದು 1937ರಲ್ಲಿ ಇದೇ ಗಿರಿಡಿಯಲ್ಲಿ. ಬಂಗಾಳಿಯಲ್ಲಿ ವಿಜ್ಞಾನ ಕಥೆಗೆ ದಾರಿ ಹಾಕಿದವರಲ್ಲಿ ಬೋಸರೂ ಒಬ್ಬರು. ತಲೆಗೆ ಹಚ್ಚುವ ಎಣ್ಣೆಯಿಂದ ಬಿರುಗಾಳಿ ಅಡಗುವ ಅವರ ಕಥೆ 1896ರಷ್ಟು ಹಳೆಯದು. ಬಂಗಾಳಿ ಓದುಗನಿಗೆ ಗಿರಿಡಿ ಎಂದರೆ ಹವಾ ಬದಲಾವಣೆಗೆ ಹೋಗುವ ಊರು, ವಿಜ್ಞಾನಿಯೊಬ್ಬ ಏಕಾಂತದಲ್ಲಿ ದುಡಿಯಬಹುದಾದ ಊರು. ಶಂಕುವನ್ನು ಕೊಲ್ಕತ್ತದಲ್ಲಿ ಇರಿಸಿದ್ದರೆ ಅವನು ಯಾವುದಾದರೊಂದು ಸಂಸ್ಥೆಯ ನೌಕರನಾಗುತ್ತಿದ್ದ.

ಕನ್ನಡದಲ್ಲಿ ಈ ಒರೆಗಲ್ಲಿಗೆ ಚೆನ್ನಾಗಿ ನಿಲ್ಲುವ ಕೃತಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಅದನ್ನು ವಿಜ್ಞಾನ ಕಥೆ ಎನ್ನಬಹುದೇ ಎಂದು ಅನುಮಾನ ಪಡುವವರಿದ್ದಾರೆ. ಅಲ್ಲಿ ರಾಕೆಟ್ ಇಲ್ಲ, ಭವಿಷ್ಯಕಾಲವಿಲ್ಲ. ಆದರೆ ಕಾದಂಬರಿಯ ನಡುವಿನ ಪ್ರಶ್ನೆ ಜೀವವಿಕಾಸದ್ದು, ಹುಡುಕಾಟದ ರೀತಿ ವಿಜ್ಞಾನದ್ದು. ಕೋಟಿಗಟ್ಟಲೆ ವರ್ಷಗಳಿಂದ ಬದಲಾಗದೆ ಉಳಿದ ಹಾರುವ ಓತಿಯೊಂದು ಮಲೆನಾಡಿನ ಕಾಡಿನಲ್ಲಿ ಇರಬಹುದೆಂಬ ಊಹೆಯ ಬೆನ್ನು ಹತ್ತಿ ಹೋಗುವ ಕಥೆಯನ್ನು ಈ ಪ್ರಕಾರದಿಂದ ಹೊರಗಿಡಲು ಕಾರಣವಿಲ್ಲ.

‘ಕರ್ವಾಲೊ’ದ ಮೂಡಿಗೆರೆ ತನ್ನ ಹೆಸರಿನಲ್ಲೇ ಇದೆ. ಕಥೆ ತೆರೆದುಕೊಳ್ಳುವುದು ಜೇನು ಸೊಸೈಟಿಯಲ್ಲಿ, ನಿರೂಪಕ ಜೇನುತುಪ್ಪ ಕೊಳ್ಳಲು ಹೋದಲ್ಲಿ. ವಿಜ್ಞಾನಿ ಕರ್ವಾಲೊ ಇರುವುದು ಕೃಷಿ ಸಂಶೋಧನಾ ಕೇಂದ್ರದಲ್ಲಿ. ಅಂಥದೊಂದು ಕೇಂದ್ರ ಮೂಡಿಗೆರೆಯಲ್ಲಿ ನಿಜಕ್ಕೂ ಇದೆ. ಲೋಕ ಕಾಣದ ಪ್ರಾಣಿಯನ್ನು ಕಂಡವನು ಮಂದಣ್ಣ. ಜೇನು ಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಆದರೆ ಊರವರ ಕಣ್ಣಿಗೆ ಉಡಾಳ. ಕರ್ವಾಲೊ ಅವನನ್ನು ನಿಸರ್ಗ ವಿಜ್ಞಾನಿಯೆಂದೇ ಗೌರವಿಸುತ್ತಾರೆ. ಮಂದಣ್ಣನ ಮದುವೆ, ಕಳ್ಳಭಟ್ಟಿ ಕೇಸು, ಕೋರ್ಟಿನ ಅಲೆದಾಟ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಎಲ್ಲವೂ ಹುಡುಕಾಟಕ್ಕೆ ಅಡ್ಡಬರುತ್ತವೆ, ಹುಡುಕಾಟವನ್ನು ಮುಂದಕ್ಕೂ ತಳ್ಳುತ್ತವೆ. ತೇಜಸ್ವಿಯವರ ಸಾಧನೆ ಇರುವುದು ಇಲ್ಲೇ. ಒಂದು ಸಣ್ಣ ತಾಲ್ಲೂಕು ಕೇಂದ್ರದ ಸೊಸೈಟಿ, ಠಾಣೆ, ತೋಟಗಳು ಜೀವವಿಕಾಸದ ಪ್ರಶ್ನೆಗೆ ಎದುರಾಗಿ ನಿಲ್ಲುತ್ತವೆ, ಮತ್ತು ಯಾವುದೂ ಇನ್ನೊಂದರ ಮುಂದೆ ಚಿಕ್ಕದಾಗುವುದಿಲ್ಲ. ಪಶ್ಚಿಮಘಟ್ಟದ ಅಂಚಿನ ಊರಾದ್ದರಿಂದಲೇ ಆ ಕಾಡು, ಆ ಕಮರಿ, ಆ ಓತಿ ಸಾಧ್ಯವಾದವು. ಮೂಡಿಗೆರೆಯ ಜಾಗದಲ್ಲಿ ಬಯಲುಸೀಮೆಯ ಊರೊಂದನ್ನು ಇಟ್ಟರೆ ಕಾದಂಬರಿ ಉಳಿಯುವುದಿಲ್ಲ.

ಬೆಂಗಳೂರಿಗೆ ಇಷ್ಟು ಅದೃಷ್ಟ ಒದಗಿಲ್ಲ. ಶ್ರೀನಿಧಿ ಬೆಂಗಳೂರು ನಿರ್ದೇಶಿಸಿ 2024ರ ಮಾರ್ಚ್‌ನಲ್ಲಿ ತೆರೆಕಂಡ ‘ಬ್ಲಿಂಕ್’ ಚಿತ್ರ ಕಾಲಪ್ರಯಾಣದ ಕಥೆಯನ್ನು ಕನ್ನಡದ ಸಾಧಾರಣ ಬಂಡವಾಳದಲ್ಲಿ ಹೇಳಿದ ಧೈರ್ಯಕ್ಕೆ ಮೆಚ್ಚುಗೆ ಸಲ್ಲಬೇಕು. ಅಲ್ಲಿ ಭಾರ ಹೊತ್ತಿರುವುದು ತಾಯಿ ಮಗನ ಸಂಬಂಧವೇ ಹೊರತು ನಗರವಲ್ಲ. ಲಾವಣ್ಯ ಲಕ್ಷ್ಮೀನಾರಾಯಣ್ ಇಂಗ್ಲಿಷ್‌ನಲ್ಲಿ ಬರೆದ ‘ಅನಲಾಗ್/ವರ್ಚುವಲ್’ (2020) ಇದಕ್ಕಿಂತ ಮುಖ್ಯವಾದ ಉದಾಹರಣೆ. ಒಂದಕ್ಕೊಂದು ಹೆಣೆದುಕೊಂಡ ಕಥೆಗಳ ಈ ಮಾಲಿಕೆಯಲ್ಲಿ ಬೆಂಗಳೂರು ‘ಏಪೆಕ್ಸ್ ಸಿಟಿ’ಯಾಗಿದೆ, ಹಳೆಯ ಹೆಸರು ನೆನಪಾಗಿ ಮಾತ್ರ ಉಳಿದಿದೆ. ನಗರವನ್ನು ಆಳುವುದು ಬೆಲ್ ಕಾರ್ಪೊರೇಶನ್ ಎಂಬ ಕಂಪನಿ. ಜನರ ದುಡಿಮೆಯನ್ನು ಅಳೆದು ಸಾಲು ಹಚ್ಚುತ್ತಾರೆ, ಮೇಲಿನ ಶೇ. 20ರಷ್ಟು ಜನರಿಗೆ ಎಲ್ಲ ಸವಲತ್ತು, ಕೆಳಗಿನ ಶೇ. 10ರಷ್ಟು ಜನರಿಗೆ ವಿದ್ಯುತ್ ಗೋಡೆಯಾಚೆ ತಂತ್ರಜ್ಞಾನವಿಲ್ಲದ ಬದುಕು.

ಬೀದಿಗಳ ಹೆಸರಿನಲ್ಲಿ ಹುಡುಕಿದರೆ ಈ ಪುಸ್ತಕದಲ್ಲಿ ಬೆಂಗಳೂರು ಹೆಚ್ಚು ಸಿಗದು. ಅದು ಸಿಗುವುದು ಆಫೀಸಿನ ರೂಢಿಯಲ್ಲಿ. ನೌಕರರನ್ನು ‘ಬೆಲ್ ಕರ್ವ್’ ಮೇಲೆ ಕೂಡಿಸಿ, ತಂಡದಲ್ಲಿ ಎಲ್ಲರೂ ಚೆನ್ನಾಗಿ ದುಡಿದಿದ್ದರೂ ಕೆಲವರನ್ನು ಕೆಳಗೆ ಇಡಲೇಬೇಕೆಂಬ ವಾರ್ಷಿಕ ಅಪ್ರೈಸಲ್ ಪದ್ಧತಿ ಐಟಿ ಕಂಪನಿಗಳಲ್ಲಿ ಬಹುಕಾಲ ನಡೆದುಬಂದದ್ದು. ಅದನ್ನೇ ಇಡೀ ನಗರದ ಕಾನೂನಾಗಿ ಮಾಡಿದರೆ ಏನಾದೀತೆಂದು ಲೇಖಕಿ ಕೇಳುತ್ತಾರೆ. ಹಾಗಾಗಿ ಒರೆಗಲ್ಲಿನಲ್ಲಿ ಪುಸ್ತಕ ಅರ್ಧ ಗೆಲ್ಲುತ್ತದೆ: ಐಟಿ ಬೆಳೆದ ಊರಿನಿಂದಷ್ಟೇ ಈ ಕಥೆ ಹುಟ್ಟಲು ಸಾಧ್ಯ. ಸೋಲುವುದು ಆ ನಗರವನ್ನು ಕಟ್ಟಿದವರ ವಿಷಯದಲ್ಲಿ. ಕಲಬುರಗಿ ಜಿಲ್ಲೆಯ ಆಳಂದ, ಜೇವರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತುವವರು ಬೆಂಗಳೂರಿನ ಗೋಡೆಯಾಚೆ ಈಗಾಗಲೇ ಬದುಕುತ್ತಿದ್ದಾರೆ. ಅವರು ಎಲ್ಲಿಂದ ಬಂದರು, ಊರಿನಲ್ಲಿ ಏನನ್ನು ಬಿಟ್ಟು ಬಂದರು ಎಂಬ ಪ್ರಶ್ನೆ ಈ ಲೋಕದಲ್ಲಿ ಏಳುವುದಿಲ್ಲ. ಹೊಲ, ಹೊಳೆ, ತವರೂರು ಇಲ್ಲದ ಬೆಂಗಳೂರು ಅರ್ಧ ಬೆಂಗಳೂರು.

ಈ ಪ್ರಕಾರದಲ್ಲಿ ಭಾರತದ ಯಾವ ನಗರಕ್ಕೂ ಸಿಗದ ಗಮನ ಕಾಶಿಗೆ ಸಿಕ್ಕಿದೆ. ಉತ್ತರ ಐರ್ಲೆಂಡಿನಲ್ಲಿ ನೆಲೆಸಿದ ಇಯಾನ್ ಮೆಕ್‌ಡೊನಾಲ್ಡ್ ಅವರ ‘ರಿವರ್ ಆಫ್ ಗಾಡ್ಸ್’ (2004) ಕಾದಂಬರಿ ಮತ್ತು ಅದೇ ಲೋಕದ ಕಥೆಗಳ ಸಂಕಲನ ‘ಸೈಬರಾಬಾದ್ ಡೇಸ್’ (2009) ಒಂದು ಕಡೆ. ನಾಗ್ ಅಶ್ವಿನ್ ನಿರ್ದೇಶನದ, ಕನ್ನಡದಲ್ಲೂ ಡಬ್ ಆಗಿ ಬಂದ ‘ಕಲ್ಕಿ 2898 ಎಡಿ’ (2024) ಮತ್ತೊಂದು ಕಡೆ. ಎರಡರಲ್ಲೂ ಕಾಶಿ ಕಾಶಿಯೇ, ಎರಡರಲ್ಲೂ ನೀರಿಲ್ಲ. ‘ಕಲ್ಕಿ’ಯಲ್ಲಿ ಕಾಶಿ ಭೂಮಿಯ ಮೇಲೆ ಉಳಿದ ಕೊನೆಯ ನಗರ, ಗಂಗೆ ಬತ್ತಿದೆ, ತಲೆಕೆಳಗಾದ ಪಿರಮಿಡ್ಡಿನಂಥ ‘ಕಾಂಪ್ಲೆಕ್ಸ್’ ಮೇಲೆ ತೂಗುತ್ತಿದೆ. ನೀರು, ಹಸಿರು ಎಲ್ಲ ಆ ಮೇಲಿನವರ ಪಾಲು. ಮೆಕ್‌ಡೊನಾಲ್ಡ್ ಅವರ ಕಥೆ ನಡೆಯುವುದು 2047ರಲ್ಲಿ, ಸ್ವಾತಂತ್ರ್ಯ ಬಂದು ನೂರು ವರ್ಷ ತುಂಬುವಾಗ. ಭಾರತ ಹಲವು ದೇಶಗಳಾಗಿ ಒಡೆದಿದೆ. ವರ್ಷಗಟ್ಟಲೆ ಮುಂಗಾರು ಕೈಕೊಟ್ಟಿದೆ. ಮೇಲಿನ ದೇಶ ನದಿಗೆ ಅಣೆಕಟ್ಟು ಕಟ್ಟಿ ನೀರು ಹಿಡಿದಿದೆ, ಕೆಳಗಿನ ದೇಶದಲ್ಲಿ ಯುದ್ಧದ ಮಾತು ಎದ್ದಿದೆ.

ಭೀಮಾ ದಂಡೆಯ ಓದುಗರಿಗೆ ಎರಡರ ಅಂತರ ಬೇಗ ತಿಳಿಯುತ್ತದೆ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯವನ್ನು ದಾಟಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಬರುತ್ತಾಳೆ. ಬೇಸಿಗೆಯಲ್ಲಿ ಸೊನ್ನ ಬ್ಯಾರೇಜಿನ ಕೆಳಗೆ ಹೊಳೆಯಲ್ಲಿ ಉಸುಕು, ಬಂಡೆ ಕಾಣುತ್ತವೆ. ಉಜನಿಯಿಂದ ನೀರು ಬಿಡಿಸಿರೆಂದು ರೈತರು ರಸ್ತೆಗೆ ಇಳಿಯುತ್ತಾರೆ. ಮಳೆಗಾಲದಲ್ಲಿ ಅದೇ ಉಜನಿಯಿಂದ ನೀರು ಬಿಟ್ಟ ಸುದ್ದಿ ಬಂದರೆ ದಂಡೆಯ ಪಂಪ್‌ಸೆಟ್ಟುಗಳನ್ನು ಬಿಚ್ಚಿ ಮೇಲಕ್ಕೆ ಸಾಗಿಸುವ ಧಾವಂತ. 2020ರ ಅಕ್ಟೋಬರಿನಲ್ಲಿ ಹೊಳೆ ಹೊಲ, ಮನೆ, ಸೇತುವೆಗಳ ಮೇಲೆ ಹರಿದು ಜನ ಕಾಳಜಿ ಕೇಂದ್ರಗಳಲ್ಲಿ ದಿನ ಕಳೆದರು. ಇಲ್ಲಿ ನದಿ ತಾನಾಗಿ ಬತ್ತುವುದಿಲ್ಲ, ತಾನಾಗಿ ಉಕ್ಕುವುದೂ ಇಲ್ಲ. ಮೇಲೆ ಎಲ್ಲೋ ಗೇಟು ಹಾಕುವ, ತೆಗೆಯುವ ತೀರ್ಮಾನವೊಂದು ಇರುತ್ತದೆ. ಮೆಕ್‌ಡೊನಾಲ್ಡ್‌ಗೆ ಇದು ಗೊತ್ತಿದೆ. ಅವರ ಕಾಶಿಯ ಬರಕ್ಕೆ ಮಳೆಯ ಕಾರಣವಿದೆ, ಅಣೆಕಟ್ಟಿನ ಕಾರಣವಿದೆ, ಆಳುವವರ ಲೆಕ್ಕಾಚಾರವಿದೆ. ‘ಕಲ್ಕಿ’ಯ ಗಂಗೆ ಏಕೆ ಬತ್ತಿದಳೆಂಬುದಕ್ಕೆ ಚಿತ್ರದಲ್ಲಿ ಕಲಿಯುಗದ ಅಂತ್ಯವೆಂಬ ಪುರಾಣದ ಉತ್ತರವಿದೆ. ಆ ದೃಶ್ಯಗಳ ವೈಭವ ದೊಡ್ಡದು, ಅಶ್ವತ್ಥಾಮನ ಪಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ವಿಜ್ಞಾನ ಕಥೆಯಾಗಿ ನೋಡಿದಾಗ ಮಾತ್ರ ಅದು ಕಾರಣದ ಜಾಗವನ್ನು ಖಾಲಿ ಬಿಟ್ಟಿದೆ.

ಮೆಕ್‌ಡೊನಾಲ್ಡ್ ಅವರಲ್ಲೂ ಕೊರತೆಯಿದೆ. ಘಾಟು, ಚಿತೆ, ಸಾಧು, ಗಲ್ಲಿ ಎಂದು ಹೊರಗಿನ ಕಣ್ಣಿಗೆ ಮೊದಲು ಬೀಳುವ ಕಾಶಿಯೇ ಪುಟಗಳಲ್ಲಿ ತುಂಬಿದೆ. ತೀರ್ಥಕ್ಷೇತ್ರವೊಂದರ ದಿನಚರಿ ಒಳಗಿನವರಿಗೆ ಬೇರೆಯಾಗಿಯೇ ಕಾಣುತ್ತದೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮಾ ಅಮರ್ಜಾ ಸಂಗಮದ ಸ್ನಾನ, ದತ್ತನ ನಿರ್ಗುಣ ಪಾದುಕೆಗಳ ದರ್ಶನ, ಮಧ್ಯಾಹ್ನದ ಹೊತ್ತಿಗೆ ಉಳ್ಳವರೂ ಜೋಳಿಗೆ ಹಿಡಿದು ಮನೆಮನೆಗೆ ಹೋಗುವ ಮಧುಕರಿ ಭಿಕ್ಷೆ ದಿನವೂ ನಡೆಯುತ್ತವೆ. ಮನಸ್ಸು ಕೆಟ್ಟವರನ್ನು, ಗಾಳಿ ಸೋಕಿದೆ ಎಂದು ನಂಬಿದವರನ್ನು ಮನೆಯವರು ದೂರದೂರದಿಂದ ಕರೆತರುತ್ತಾರೆ. ಭಿಕ್ಷೆಗೆ ಬಂದವರಿಗೆ ರೊಟ್ಟಿ ಎತ್ತಿಡುವ ಮನೆಯೊಡತಿಯ ಕಡೆಯಿಂದ ಬರೆದ ವಿಜ್ಞಾನ ಕಥೆಯಲ್ಲಿ ಯಂತ್ರಬುದ್ಧಿ, ಮಾನಸಿಕ ಚಿಕಿತ್ಸೆ, ಬತ್ತಿದ ಸಂಗಮ ಎಲ್ಲಕ್ಕೂ ಸಹಜವಾಗಿ ಜಾಗ ದೊರೆಯುತ್ತದೆ. ಬೆರಗಿಗಾಗಿ ಏನನ್ನೂ ತಂದು ತುಂಬಬೇಕಾಗಿಲ್ಲ.

ಮೇಲೆ ಹೇಳಿದ ಕೃತಿಗಳಲ್ಲಿ ಯಾವುದೂ ಕಲಬುರಗಿ ಸೀಮೆಗೆ ಕಾಲಿಟ್ಟಿಲ್ಲ. ಕಾರಣವಾಗಬಲ್ಲ ಸಂಗತಿಗಳು ಇಲ್ಲಿ ಕಡಿಮೆಯೇನಿಲ್ಲ. ಈ ಭಾಗದ ಎರೆಭೂಮಿ ದಖ್ಖನ್ನಿನ ಲಾವಾ ಶಿಲೆ ಸವೆದು ಆದದ್ದು. ಆ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದ ಆಸುಪಾಸಿನಲ್ಲಿ. ‘ಕರ್ವಾಲೊ’ದ ಓತಿಗೆ ಬೇಕಾದಷ್ಟು ಹಳೆಯ ಕಾಲ ಇಲ್ಲಿಯ ಹೊಲದ ಮಣ್ಣಿನಲ್ಲೇ ಇದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಆಳಂದ ತಾಲ್ಲೂಕಿನ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಗಟ್ಟಿ ನೆಲವೆಂದು ವಿಜ್ಞಾನಿಗಳು ನಂಬಿದ್ದ ಪ್ರದೇಶ ಅದು. ಆ ಭೂಕಂಪ ದಖ್ಖನ್ನಿನ ಬಗೆಗಿನ ತಿಳಿವಳಿಕೆಯನ್ನೇ ತಿದ್ದಿತು. ಜೇವರ್ಗಿಯ ನೆರೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾಗಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿದೆ. ಸುತ್ತ ಹೊಲಗಳು, ಒಳಗೆ ದೇಶದ ನಾನಾ ಕಡೆಯಿಂದ ಬಂದ ವಿದ್ಯಾರ್ಥಿಗಳು. ಗಿರಿಡಿಯ ಪ್ರೊಫೆಸರ್‌ಗೆ ಇದ್ದಂಥ ನೆಲೆ ಇಲ್ಲಿ ಸಿದ್ಧವಾಗಿಯೇ ಇದೆ.

ಇವೆಲ್ಲಕ್ಕಿಂತ ಹತ್ತಿರದ ವಸ್ತು ತೊಗರಿ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಗುಲ್ಬರ್ಗಾ ತೊಗರಿಬೇಳೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಜೀವನಾಧಾರ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಿದ್ದರೆ ಹಸಿರಾಗಿ ನಿಂತ ಹೊಲ ನೋಡನೋಡುತ್ತ ಒಣಗುತ್ತದೆ. ಗಿಡ ಕಿತ್ತು ಬುಡ ಸೀಳಿದರೆ ಒಳಗೆ ಕಪ್ಪು ಗೆರೆ. ರೋಗದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಮೂಡಿಗೆರೆಯ ಕರ್ವಾಲೊಗೆ ಒಬ್ಬ ಮಂದಣ್ಣ ಸಿಕ್ಕಂತೆ, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗೆ ಜೇವರ್ಗಿಯ ಎರೆಹೊಲವೊಂದರಲ್ಲಿ, ಸುತ್ತೆಲ್ಲ ಒಣಗಿದ ಸಾಲುಗಳ ನಡುವೆ ಹಸಿರಾಗಿ ಉಳಿದ ಒಂದೇ ಗಿಡವನ್ನು ತೋರಿಸುವ ರೈತಮಹಿಳೆಯೊಬ್ಬಳು ಸಿಗಬಹುದು. ಆ ಗಿಡದ ಬೀಜ ಯಾರದು, ಕಂಪನಿಯದೋ, ವಿಶ್ವವಿದ್ಯಾಲಯದ್ದೋ, ಮಡಕೆಯಲ್ಲಿ ಬೂದಿ ಬೆರೆಸಿ ಅದನ್ನು ಕಾಪಾಡಿಕೊಂಡು ಬಂದ ಅವಳ ಅತ್ತೆಯದೋ ಎಂಬಲ್ಲಿಂದ ಮುಂದಿನ ನೂರು ವರ್ಷದ ಕಥೆಯನ್ನು ಬೆಳೆಸಬಹುದು. ಅಂಥ ಕಥೆಯಲ್ಲಿ ಜೇವರ್ಗಿಯ ಹೆಸರು ತೆಗೆದು ಮೈಸೂರನ್ನೋ ಮಂಗಳೂರನ್ನೋ ಇಡಲು ಬರುವುದಿಲ್ಲ. ಮಣ್ಣು, ಬೆಳೆ, ರೋಗ ಮೂರೂ ಒಪ್ಪುವುದಿಲ್ಲ.