ಕೆಂಪಾಗದ ಸಕ್ಕರೆ

ಡೈಸ್ಯಾಕರೈಡ್‌ಗಳ ಬಗ್ಗೆ ನಾಲ್ಕು ಸಾಲು ಬರೆದುಕೊಂಡು, ಒಂದೊಂದನ್ನೇ ಬಿಡಿಸೋಣ.

“ಎರಡು ಸರಳ ಸಕ್ಕರೆ ಕೂಡಿ, ಒಂದು ನೀರಿನ ಅಣು ಹೊರಬಿದ್ದರೆ ಡೈಸ್ಯಾಕರೈಡ್.”

ಗ್ಲೂಕೋಸಿನ ಅಣುತೂಕ 180, ಫ್ರಕ್ಟೋಸಿನದೂ ಅಷ್ಟೇ. ಕೂಡಿಸಿ ನೀರಿನ 18 ಕಳೆದರೆ 342: ಚಹಾಕ್ಕೆ ಹಾಕುವ ಸುಕ್ರೋಸ್. ಹಾಲಿನ ಲ್ಯಾಕ್ಟೋಸ್, ಮೊಳಕೆ ಕಾಳಿನ ಮಾಲ್ಟೋಸ್ ಕೂಡ 342. ತೂಕದಿಂದ ಇವನ್ನು ಗುರುತಿಸಲಾಗದು.

“ಲ್ಯಾಕ್ಟೋಸಿನಲ್ಲಿ ಗ್ಯಾಲಕ್ಟೋಸಿನ 1ನೇ ಇಂಗಾಲ ಗ್ಲೂಕೋಸಿನ 4ನೆಯದಕ್ಕೆ, ಸುಕ್ರೋಸಿನಲ್ಲಿ ಗ್ಲೂಕೋಸಿನ 1ನೆಯದು ಫ್ರಕ್ಟೋಸಿನ 2ನೆಯದಕ್ಕೆ.”

ಜೀವಾಳವೆಲ್ಲ ಈ ಅಂಕಿಗಳಲ್ಲಿದೆ. ನೀರಿನಲ್ಲಿ ಗ್ಲೂಕೋಸ್ ಬಹುಪಾಲು ಉಂಗುರದಂತೆ ಸುತ್ತಿಕೊಂಡಿರುತ್ತದೆ. ಆಗಾಗ ಆ ಉಂಗುರ 1ನೇ ಇಂಗಾಲದ ಬಳಿ ಬಿಚ್ಚಿ, ಅಲ್ಲಿ ಆಲ್ಡಿಹೈಡ್ ಕಾಣಿಸಿಕೊಳ್ಳುತ್ತದೆ. ಫ್ರಕ್ಟೋಸ್ ಬಿಚ್ಚುವುದು 2ನೆಯದರಲ್ಲಿ. ಬಿಚ್ಚುವ ಈ ಜಾಗವನ್ನು ಬಾಗಿಲಿನ ಚಿಲಕವೆಂದುಕೊಳ್ಳಿ. ಲ್ಯಾಕ್ಟೋಸಿನಲ್ಲಿ ಗ್ಯಾಲಕ್ಟೋಸಿನ ಚಿಲಕ ಬಿದ್ದಿದೆ, ಗ್ಲೂಕೋಸಿನದು ತೆರೆದೇ ಇದೆ. ಸುಕ್ರೋಸಿನಲ್ಲಿ ಎರಡು ಚಿಲಕಗಳೂ ಒಂದಕ್ಕೊಂದು ಸಿಕ್ಕಿಕೊಂಡಿವೆ.

ಯಾವ ಸಕ್ಕರೆಗಳು ಕೂಡಿವೆ ಎಂಬುದನ್ನಷ್ಟೇ ಬಾಯಿಪಾಠ ಮಾಡುವವರು ಎಡವುವುದು ಇಲ್ಲಿಯೇ. ಮಾಲ್ಟೋಸಿನಲ್ಲಿ ಎರಡು ಗ್ಲೂಕೋಸ್. ಅಣಬೆಯಲ್ಲೂ ಕೀಟಗಳ ರಕ್ತದಲ್ಲೂ ಇರುವ ಟ್ರೆಹಲೋಸಿನಲ್ಲೂ ಎರಡು ಗ್ಲೂಕೋಸೇ. ಮೊದಲನೆಯದು 1–4 ಜೋಡಣೆ, ಒಂದು ಚಿಲಕ ತೆರೆದಿರುವುದರಿಂದ ಅಪಕರ್ಷಕ, ಎಂದರೆ ಬೇರೆ ವಸ್ತುವಿಗೆ ಇಲೆಕ್ಟ್ರಾನು ಕೊಡಬಲ್ಲದು. ಎರಡನೆಯದು 1–1, ಅಪಕರ್ಷಕವಲ್ಲ.

“ಬೆನೆಡಿಕ್ಟ್ ದ್ರಾವಣದಲ್ಲಿ ಲ್ಯಾಕ್ಟೋಸ್ ಇಟ್ಟಿಗೆಗೆಂಪು, ಸುಕ್ರೋಸ್ ನೀಲಿ.”

ಆ ನೀಲಿ ತಾಮ್ರದ್ದು. ಬಿಚ್ಚಿಕೊಂಡ ಸಕ್ಕರೆ ತಾಮ್ರಕ್ಕೆ ಇಲೆಕ್ಟ್ರಾನು ಕೊಟ್ಟಾಗ ಕೆಂಪು ಕ್ಯೂಪ್ರಸ್ ಆಕ್ಸೈಡ್ ತಳಕ್ಕಿಳಿಯುತ್ತದೆ. ಸಕ್ಕರೆ ಕಡಿಮೆಯಿದ್ದರೆ ಬಣ್ಣ ಹಸಿರಿಗೋ ಹಳದಿಗೋ ನಿಲ್ಲುತ್ತದೆ. ಹಿಂದೆ ಮೂತ್ರದ ಸಕ್ಕರೆ ನೋಡಲು ಇದೇ ಪರೀಕ್ಷೆಯಿತ್ತು. ಹಾಲೂಡಿಸುವ ತಾಯಂದಿರ ಮೂತ್ರದಲ್ಲಿ ಲ್ಯಾಕ್ಟೋಸ್ ಬಂದರೂ ಬಣ್ಣ ತಿರುಗುತ್ತಿತ್ತು, ಮಧುಮೇಹವೆಂದು ಗಾಬರಿಯಾಗಲು ಅಷ್ಟು ಸಾಕು. ಗ್ಲೂಕೋಸನ್ನು ಮಾತ್ರ ಹಿಡಿಯುವ ಕಿಣ್ವದ ಪಟ್ಟಿಗಳು ಬಂದ ಮೇಲೆ ಈ ತೊಡಕು ತಪ್ಪಿತು.

“ಆಮ್ಲ ಹಾಕಿ ಕಾಯಿಸಿದರೆ ಸುಕ್ರೋಸೂ ಕೆಂಪಾಗುತ್ತದೆ.”

ಕಳೆದುಹೋಗಿದ್ದ ನೀರಿನ ಅಣು ಮರಳಿ ಸೇರಿ ಕೊಂಡಿ ಕಳಚುತ್ತದೆ, ಗ್ಲೂಕೋಸ್ ಫ್ರಕ್ಟೋಸ್ ಬೇರೆಯಾಗುತ್ತವೆ. (ಬೆನೆಡಿಕ್ಟ್ ಹಾಕುವ ಮೊದಲು ಸೋಡಾದಿಂದ ಆಮ್ಲವನ್ನು ತಣಿಸಬೇಕು, ಮರೆತರೆ ಬಣ್ಣ ಬರದು.) ಧ್ರುವೀಕೃತ ಬೆಳಕನ್ನು 66.5 ಡಿಗ್ರಿಯಷ್ಟು (ವಿಶಿಷ್ಟ ಭ್ರಮಣ) ಬಲಕ್ಕೆ ತಿರುಗಿಸುತ್ತಿದ್ದ ದ್ರಾವಣ ಈಗ ಸುಮಾರು 20 ಡಿಗ್ರಿಯಷ್ಟು ಎಡಕ್ಕೆ ತಿರುಗಿಸುತ್ತದೆ. ವಿಲೋಮ ಸಕ್ಕರೆ ಎನ್ನುವುದು ಇದನ್ನೇ.

ಮಂಡ್ಯದ ಆಲೆಮನೆಯವರಿಗೆ ಇದರ ಪೆಟ್ಟು ಚೆನ್ನಾಗಿ ಗೊತ್ತು. ಕಡಿದ ಕಬ್ಬು ಬಿಸಿಲಲ್ಲಿ ಬಿದ್ದಿದ್ದರೆ ರಸ ಹುಳಿಯೇರಿ ಸುಕ್ರೋಸ್ ಒಡೆಯುತ್ತದೆ. ಪಾಕ ಎಷ್ಟು ಕಾಯಿಸಿದರೂ ಬೆಲ್ಲ ಅಚ್ಚು ಕಟ್ಟದು, ಕಟ್ಟಿದರೂ ಮಳೆಗಾಲದಲ್ಲಿ ಜಿನುಗುತ್ತದೆ. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದು ಕೊಳೆ ತೆಗೆಯಲಷ್ಟೇ ಅಲ್ಲ, ಈ ಹುಳಿ ಮುರಿಯಲೂ ಹೌದು. ಸುಣ್ಣ ಹೆಚ್ಚಾದರೆ ಅಪಕರ್ಷಕ ಸಕ್ಕರೆಗಳೇ ಕ್ಷಾರದಲ್ಲಿ ಕೆಟ್ಟು ಬೆಲ್ಲ ಕಪ್ಪಾಗುತ್ತದೆ.